ಪೇರಳೆ ಎಸೆಯುವ ಮೊದಲು: ನಿಫಾ ಸುದ್ದಿ ಬಂದ ವಾರ ಮನೆಯಲ್ಲಿ ಏನು ಮಾಡಬೇಕು

2023ರ ಸೆಪ್ಟೆಂಬರ್. ಕೇರಳದ ಕೋಝಿಕ್ಕೋಡಿನಲ್ಲಿ ನಿಫಾ, ಅಂದರೆ ಬಾವಲಿಯಿಂದ ಮನುಷ್ಯರಿಗೆ ಬರುವ ವೈರಸ್ ಜ್ವರ, ಬಂದಿದೆ ಎಂದು ಟಿವಿಯಲ್ಲಿ ಹೇಳಿ ಅರ್ಧ ಗಂಟೆಯೂ ಆಗಿರಲಿಲ್ಲ, ಬೆಂಗಳೂರಿನಿಂದ ಚಿಕ್ಕಮ್ಮನ ಫೋನ್ ಬಂತು. "ಪೇರಳೆ ಗೀರಳೆ ತಿನ್ನಬೇಡಿ ಮಾರಾಯ್ರೆ, ಮರದಲ್ಲಿ ಇರುವುದನ್ನೂ ಕೊಯ್ದು ಹೂತುಬಿಡಿ" ಎಂದರು. ನಮ್ಮದು ಪುತ್ತೂರಿನ ಕಡೆಯ ಹಳ್ಳಿ. ಕಾಸರಗೋಡಿನ ಗಡಿ ಹತ್ತಿರ. ಅಂಗಳದಾಚೆ ಪೇರಳೆ ಮರ, ಅದರಾಚೆ ಅಡಿಕೆ ತೋಟ, ಸಂಜೆಯಾದರೆ ತೋಟದ ಮೇಲೆ ಬಾವಲಿಗಳ ಮೆರವಣಿಗೆ. ಅಮ್ಮ ಹೆದರಿ ಬುಟ್ಟಿಯಲ್ಲಿದ್ದ ಪೇರಳೆಯನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿದರು.

ಅದೇ ವಾರ ನಮ್ಮ ಸಂಬಂಧಿಕರೊಬ್ಬರಿಗೆ ಜ್ವರ ಜೋರಾಗಿ ಆಸ್ಪತ್ರೆಗೆ ಸೇರಿಸಿದ್ದರು. ನಾವು ಏಳು ಜನ ಒಂದೇ ಓಮ್ನಿಯಲ್ಲಿ ತುಂಬಿಕೊಂಡು ನೋಡಲು ಹೋದೆವು. ಮಂಚದ ಸುತ್ತ ನಿಂತೆವು. ಒಬ್ಬರು ಹಣೆ ಮುಟ್ಟಿ ನೋಡಿದರು. ಒಬ್ಬರು ವಾಂತಿಯ ಬೋಗುಣಿ ತೊಳೆದು ತಂದರು. ಅಮ್ಮ ಅವರ ಬೆನ್ನು ನೀವಿ, ಅದೇ ಕೈಯಲ್ಲಿ ನನ್ನ ಮಗಳಿಗೆ ಬಿಸ್ಕತ್ತು ಕೊಟ್ಟರು. ಯಾರಿಗೂ ಏನೂ ಅನ್ನಿಸಲಿಲ್ಲ. ಆಮೇಲೆ ಅದು ಡೆಂಗಿ ಎಂದು ಗೊತ್ತಾಯಿತು, ಬಚಾವಾದೆವು.

ನಿಫಾ ಹೇಗೆ ಹರಡುತ್ತದೆ ಎಂದು ಆಮೇಲೆ ಕೂತು ಓದಿದೆ. ಆಗ ನಾಚಿಕೆಯಾಯಿತು. ನಮ್ಮ ಹೆದರಿಕೆಯೆಲ್ಲ ಪೇರಳೆಯ ಮೇಲೆ ಖರ್ಚಾಗಿತ್ತು. ಹುಷಾರಾಗಿರಬೇಕಾಗಿದ್ದದ್ದು ಆ ಮಂಚದ ಹತ್ತಿರ. ನಾನು ಡಾಕ್ಟರಲ್ಲ. ಆದರೆ ಆ ಓಮ್ನಿ ಪ್ರಯಾಣದ ನಂತರ ಮನೆಯಲ್ಲಿ ಒಂದು ಕ್ರಮ ಮಾಡಿಕೊಂಡೆವು. ಅದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಕಿಲೋಮೀಟರ್ ಲೆಕ್ಕ ಬಿಡಿ

ಸುದ್ದಿ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಇಲ್ಲಿಂದ ಎಷ್ಟು ದೂರ?" ನಿಫಾಕ್ಕೆ ಈ ಪ್ರಶ್ನೆಯಿಂದ ಹೆಚ್ಚು ಪ್ರಯೋಜನ ಇಲ್ಲ. ಯಾಕೆ ಎಂದು ತಿಳಿಯಬೇಕಾದರೆ 2018ರ ಕತೆ ಗೊತ್ತಿರಬೇಕು.

ಆ ವರ್ಷದ ಮೇ ತಿಂಗಳು. ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರದ ಹತ್ತಿರ ಒಬ್ಬ ಯುವಕ ಜ್ವರ ಬಂದು ತೀರಿಕೊಂಡ. ಯಾವ ರೋಗ ಎಂದು ಆಗ ಯಾರಿಗೂ ಗೊತ್ತಾಗಲಿಲ್ಲ. ಎರಡು ವಾರದ ಒಳಗೆ ಅದೇ ಮನೆಯವರು ಒಬ್ಬೊಬ್ಬರಾಗಿ ಮಲಗಿದರು. ಆ ಯುವಕನ ಅಣ್ಣನನ್ನು ನೋಡುತ್ತಿದ್ದ ಆಸ್ಪತ್ರೆಯ ವೈದ್ಯರಿಗೆ ಸಂಶಯ ಬಂತು. ಮಾದರಿಗಳನ್ನು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ಡಾ. ಜಿ. ಅರುಣ್‌ಕುಮಾರ್ ಅವರ ತಂಡ ಅಲ್ಲಿ ನಿಫಾ ಎಂದು ಪತ್ತೆ ಹಚ್ಚಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ಖಚಿತ ಮಾಡಿತು. ಎರಡನೇ ರೋಗಿಯಲ್ಲೇ ಇದು ಗೊತ್ತಾದದ್ದು ದೊಡ್ಡ ಮಾತು. ಮಲೇಷ್ಯಾದಲ್ಲಿ 1998-99ರಲ್ಲಿ ಈ ರೋಗ ಮೊದಲು ಕಂಡಾಗ ಜಪಾನೀಸ್ ಮೆದುಳು ಜ್ವರ ಎಂದುಕೊಂಡು ತಿಂಗಳುಗಟ್ಟಲೆ ಸೊಳ್ಳೆ ಹೊಡೆದಿದ್ದರು. ಅಲ್ಲಿ ನೂರಕ್ಕೂ ಜಾಸ್ತಿ ಜನ ಸತ್ತರು. ಸುಂಗೈ ನಿಫಾ ಎನ್ನುವ ಹಳ್ಳಿಯ ಹೆಸರೇ ವೈರಸ್ಸಿಗೆ ಬಂತು.

ಮತ್ತೆ ಕೋಝಿಕ್ಕೋಡಿಗೆ ಬರೋಣ. ಕೇರಳ ಸರ್ಕಾರದ ಲೆಕ್ಕದಲ್ಲಿ ಆ ಸಲ 17 ಜನ ತೀರಿಕೊಂಡರು. ಬಾವಲಿಯಿಂದ ಬಂದಿರಬಹುದಾದದ್ದು ಮೊದಲಿನ ಆ ಒಬ್ಬ ಯುವಕನಿಗೆ. ಉಳಿದವರಿಗೆ ಬಂದದ್ದು ರೋಗಿಗಳಿಂದ, ಅದೂ ಹೆಚ್ಚಾಗಿ ಆಸ್ಪತ್ರೆಗಳ ಒಳಗೆ. ಪಟ್ಟಿಯಲ್ಲಿ ಇದ್ದವರು ಯಾರೆಂದು ನೋಡಿ: ಮನೆಯವರು, ಪಕ್ಕದ ಮಂಚದವರು, ಅವರ ಜೊತೆಗಿದ್ದವರು, ಮೆಡಿಕಲ್ ಕಾಲೇಜಿನಲ್ಲಿ ಸಿಟಿ ಸ್ಕ್ಯಾನ್ ಕೋಣೆಯ ಹೊರಗಿನ ಓಣಿಯಲ್ಲಿ ಕಾದು ನಿಂತಿದ್ದವರು. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ರೋಗಿಯನ್ನು ನೋಡಿಕೊಂಡ ನರ್ಸ್ ಲಿನಿ ಪುದುಶ್ಶೇರಿ ಮೇ 21ರಂದು ತೀರಿಕೊಂಡರು. ಇಬ್ಬರು ಸಣ್ಣ ಮಕ್ಕಳ ತಾಯಿ. ಐಸಿಯುವಿನಿಂದ ಗಂಡನಿಗೆ ಒಂದು ಚೀಟಿ ಬರೆದಿಟ್ಟಿದ್ದರು.

ಕೊರೊನಾದ ಹಾಗೆ ನಿಫಾ ಊರೂರು ಹಬ್ಬುವುದಿಲ್ಲ. ರೋಗಿಯ ಜೊಲ್ಲು, ಕೆಮ್ಮಿನ ಹನಿ, ವಾಂತಿ, ಮೂತ್ರ, ರಕ್ತ ತಾಗಿದವರಿಗೆ ಹರಡುತ್ತದೆ. ರೋಗಿಗೆ ಕಾಯಿಲೆ ಜೋರಾದಷ್ಟೂ ಹತ್ತಿರದವರಿಗೆ ಅಪಾಯ ಜಾಸ್ತಿ. ಬಂದವರಲ್ಲಿ ಸಾಯುವವರ ಪ್ರಮಾಣ ಶೇ 40ರಿಂದ 75 ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆದರಿಸುವ ಅಂಕಿಯೇ ಹೌದು. ಆದರೆ ಅದು ರೋಗ ಬಂದವರ ಲೆಕ್ಕ, ಸುದ್ದಿ ಕೇಳಿದವರ ಲೆಕ್ಕ ಅಲ್ಲ.

2. ಒಂದು ಚೀಟಿ ತೆಗೆದುಕೊಂಡು ಮೂರು ಪ್ರಶ್ನೆಗೆ ಉತ್ತರ ಬರೆಯಿರಿ

ಬಾಯಲ್ಲಿ ಹೇಳಿದರೆ ಸಾಲದು. ಬರೆಯಿರಿ.

ಕಳೆದ 21 ದಿನಗಳಲ್ಲಿ ಮನೆಯವರು ಯಾರಾದರೂ ರೋಗ ಇರುವ ಆ ಊರಿಗೆ ಹೋಗಿದ್ದರಾ? "ಕೇರಳಕ್ಕೆ" ಎಂದಲ್ಲ, ಸರ್ಕಾರ ಹೆಸರು ಹೇಳಿದ ಪಂಚಾಯಿತಿ ಅಥವಾ ವಾರ್ಡಿಗೆ.

ಅಲ್ಲಿಯ ಯಾವುದಾದರೂ ಆಸ್ಪತ್ರೆಗೆ ಹೋಗಿದ್ದರಾ? ರೋಗಿಯಾಗಿ, ಜೊತೆಗಾರರಾಗಿ, ನೋಡಲು, ಕೆಲಸಕ್ಕೆ, ಹೇಗಾದರೂ ಸರಿ.

ಕಾರಣ ಗೊತ್ತಿಲ್ಲದ ಜ್ವರ, ಮೆದುಳು ಜ್ವರ, ಉಸಿರಾಟದ ತೊಂದರೆ ಇದ್ದವರನ್ನು ನೋಡಿಕೊಂಡಿದ್ದರಾ? ಅಥವಾ ಹಾಗೆ ತೀರಿಕೊಂಡವರ ಶವ ಮುಟ್ಟಿದ್ದರಾ?

ಮೂರಕ್ಕೂ "ಇಲ್ಲ" ಎಂದಾದರೆ ಮನೆಯಲ್ಲಿ ಮಾಮೂಲಿ ಜೀವನ ನಡೆಯಲಿ. ಶಾಲೆ, ಸಂತೆ, ಮದುವೆ ಎಲ್ಲ. ಒಂದಕ್ಕೆ "ಹೌದು" ಎಂದಾದರೆ 104ಕ್ಕೆ ಫೋನ್ ಮಾಡಿ ವಿಷಯ ಹೇಳಿ. ಅದು ಕರ್ನಾಟಕದ ಆರೋಗ್ಯ ಸಹಾಯವಾಣಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೂ ಆದೀತು. ದಿನಕ್ಕೆರಡು ಸಲ ಜ್ವರ ನೋಡಿಕೊಳ್ಳಿ. 21 ದಿನ ಏಕೆಂದರೆ ವೈರಸ್ ಒಳಗೆ ಹೋಗಿ ರೋಗ ಕಾಣಿಸಲು ಸಾಮಾನ್ಯವಾಗಿ 4ರಿಂದ 14 ದಿನ ಬೇಕು. ಅದಕ್ಕೆ ಒಂದು ವಾರ ಸೇರಿಸಿ ಕೇರಳದಲ್ಲಿ ನಿಗಾ ಇಡುತ್ತಾರೆ.

ಈ ಚೀಟಿಗೆ ಇನ್ನೊಂದು ಉಪಯೋಗ ಉಂಟು. ರಾತ್ರಿ ಹನ್ನೊಂದಕ್ಕೆ ಮನಸ್ಸು "ಏನಾದರೂ ಆಗಿದ್ದರೆ?" ಎಂದು ಶುರು ಮಾಡಿದಾಗ ಎದ್ದು ಅದನ್ನು ಓದಬಹುದು. ನಮ್ಮಲ್ಲಿ ಅದು ಫ್ರಿಜ್ಜಿನ ಬಾಗಿಲಲ್ಲಿ ಇತ್ತು.

3. ಹಣ್ಣಿನ ವಿಷಯ ಇತ್ಯರ್ಥ ಮಾಡಿಕೊಳ್ಳಿ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಜನ ಹೆಚ್ಚು ಕೇಳುವುದು ಇದನ್ನೇ.

ಹಣ್ಣಿನ ಮೇಲಿನ ಸಂಶಯ ಸುಳ್ಳಲ್ಲ. ನಿಫಾ ವೈರಸ್ಸಿನ ತವರು ಹಣ್ಣು ತಿನ್ನುವ ದೊಡ್ಡ ಬಾವಲಿ. ಅದರ ಜೊಲ್ಲು, ಮೂತ್ರದಲ್ಲಿ ವೈರಸ್ ಬರಬಹುದು. ಮಲೇಷ್ಯಾದಲ್ಲಿ ಹಂದಿ ಗೂಡಿನ ಪಕ್ಕದ ಹಣ್ಣಿನ ಮರಗಳಿಂದ ಬಾವಲಿ ಕಚ್ಚಿದ ಹಣ್ಣು ಕೆಳಗೆ ಬಿತ್ತು, ಹಂದಿ ತಿಂದಿತು, ಹಂದಿಯಿಂದ ಮನುಷ್ಯನಿಗೆ ಬಂತು. ಬಾಂಗ್ಲಾದೇಶದಲ್ಲಿ ರಾತ್ರಿ ಈಚಲು ಜಾತಿಯ ಮರಕ್ಕೆ ಮಡಕೆ ಕಟ್ಟಿ ರಸ ಇಳಿಸುತ್ತಾರೆ. ಬಾವಲಿ ಬಂದು ಅದನ್ನು ನೆಕ್ಕುತ್ತದೆ. ಬೆಳಿಗ್ಗೆ ಆ ಹಸಿ ರಸ ಕುಡಿದವರಿಗೆ ರೋಗ ಬಂದದ್ದು ಹಲವು ಸಲ.

ಕೇರಳದಲ್ಲಿ ಮಾತ್ರ ಇಂಥ ಹಣ್ಣಿನಿಂದಲೇ ಬಂತು ಎಂದು ಬೊಟ್ಟು ಮಾಡಿ ತೋರಿಸಲು ಆಗಿಲ್ಲ. 2021ರಲ್ಲಿ 12 ವರ್ಷದ ಹುಡುಗ ತೀರಿಕೊಂಡಾಗ ರಂಬುಟಾನ್ ಮೇಲೆ ಸಂಶಯ ಬಂತು. 2024ರ ಜುಲೈಯಲ್ಲಿ ಮಲಪ್ಪುರಂನ 14 ವರ್ಷದ ಹುಡುಗನ ವಿಷಯದಲ್ಲಿ ಅಮಟೆಕಾಯಿಯ ಮಾತು ಬಂತು. ಸಂಶಯ ಸಂಶಯವಾಗಿಯೇ ಉಳಿಯಿತು, ಆದರೆ ಹಣ್ಣಿನ ವ್ಯಾಪಾರಿಗಳಿಗೆ ನಷ್ಟವಂತೂ ಆಗಿಯೇ ಆಯಿತು. 2018ರಲ್ಲಿ ಕೊಲ್ಲಿ ದೇಶಗಳು ಕೇರಳದ ಹಣ್ಣು ತರಕಾರಿಯನ್ನೇ ಸ್ವಲ್ಪ ಕಾಲ ನಿಲ್ಲಿಸಿಬಿಟ್ಟವು.

ಹಾಗಾದರೆ ಮನೆಯಲ್ಲಿ ಏನು ಮಾಡುವುದು?

ನೆಲಕ್ಕೆ ಬಿದ್ದ ಹಣ್ಣು ಹೆಕ್ಕಿ ತಿನ್ನಬೇಡಿ. ಮಕ್ಕಳಿಗೆ ಇದನ್ನು ಗಟ್ಟಿಯಾಗಿ ಹೇಳಬೇಕು. ಶಾಲೆಯಿಂದ ಬರುವ ದಾರಿಯಲ್ಲಿ ಬಿದ್ದ ಕಾಟು ಮಾವು, ನೇರಳೆ ಬಾಯಿಗೆ ಹಾಕದ ಮಕ್ಕಳು ನಮ್ಮ ಕಡೆ ಇದ್ದಾರಾ?

ಹಲ್ಲಿನ ಗುರುತು, ಉಗುರಿನ ಗೀರು, ತೂತು ಇದ್ದ ಹಣ್ಣನ್ನು ಇಡಿಯಾಗಿ ಬಿಸಾಡಿ. "ಆ ಭಾಗ ಕೊಯ್ದು ತೆಗೆದರೆ ಸಾಕು" ಎಂದು ಅಜ್ಜಿ ಹೇಳಿದರೂ ಬೇಡ. ಇಂಥದ್ದನ್ನು ದನಕ್ಕೂ ಹಂದಿಗೂ ಹಾಕಬಾರದು. ಕೈ ಸೋಪಿನಲ್ಲಿ ತೊಳೆಯಿರಿ.

ಚೆನ್ನಾಗಿರುವ ಹಣ್ಣನ್ನು ಹರಿಯುವ ನೀರಲ್ಲಿ ಉಜ್ಜಿ ತೊಳೆದು, ಸಿಪ್ಪೆ ತೆಗೆದು ತಿನ್ನಿ. ಬಾಳೆಹಣ್ಣು, ಕಿತ್ತಳೆ, ದಾಳಿಂಬೆಗೆ ಹೇಗೂ ಸಿಪ್ಪೆ ಉಂಟಲ್ಲ. ಪೇಟೆಯ ಅಂಗಡಿಯ ಸೇಬಿಗೆ ಹೆದರಿ ನಾಲ್ಕು ವಾರ ಹಣ್ಣೇ ತಿನ್ನದೆ ಕೂರುವುದರಲ್ಲಿ ಅರ್ಥ ಇಲ್ಲ. ಹಣ್ಣಿನ ಮೇಲೆ ವೈರಸ್ ಉಳಿಯುವುದು ಕೆಲವು ಗಂಟೆಗಳಿಂದ ಎರಡು ಮೂರು ದಿನ. ಬೇಯಿಸಿದರೆ ಸಾಯುತ್ತದೆ. ಹಲಸಿನ ಪಲ್ಯ, ಮಾವಿನ ಗೊಜ್ಜು ಧಾರಾಳವಾಗಿ ಮಾಡಿ.

ಹೊಸದಾಗಿ ಇಳಿಸಿದ ಹಸಿ ಕಳ್ಳು, ನೀರಾ ಈ ದಿನಗಳಲ್ಲಿ ಬಿಡಿ. ಮಡಕೆಗೆ ರಾತ್ರಿ ಯಾರು ಬಾಯಿ ಹಾಕಿದ್ದಾರೆ ಎಂದು ಕುಡಿಯುವವನಿಗೂ ಗೊತ್ತಿರುವುದಿಲ್ಲ, ಇಳಿಸುವವನಿಗೂ ಗೊತ್ತಿರುವುದಿಲ್ಲ. ಅದನ್ನೇ ಕುದಿಸಿ ಮಾಡಿದ ಬೆಲ್ಲಕ್ಕೆ ಚಿಂತೆ ಇಲ್ಲ.

ಕೋಳಿಯನ್ನು ಇದರಲ್ಲಿ ಎಳೆದು ತರಬೇಡಿ. 2018ರಲ್ಲಿ "ನಿಫಾ ಬರುವುದು ಕೋಳಿಯಿಂದ" ಎಂಬ ಸುಳ್ಳು ಸಂದೇಶ ಜೋರಾಗಿ ಓಡಿತ್ತು. ಕೋಳಿಗೂ ಇದಕ್ಕೂ ಸಂಬಂಧ ಕಂಡುಬಂದಿಲ್ಲ.

ಇನ್ನು ಅಡಿಕೆ ಬೆಳೆಗಾರರಿಗೆ ಒಂದು ಮಾತು. ಇದನ್ನು ಟಿವಿಯವರು ಹೇಳುವುದಿಲ್ಲ. ಹಣ್ಣಡಿಕೆಯ ಸಿಪ್ಪೆ ಚೀಪಿ ಬಾವಲಿ ಉದುರಿಸಿದ ಅಡಿಕೆಯನ್ನು ನಾವು ಬೆಳಿಗ್ಗೆ ಬರಿಗೈಯಲ್ಲಿ ಹೆಕ್ಕುತ್ತೇವೆ. ಗೇರುಬೀಜವೂ ಹಾಗೆಯೇ. ನಿಲ್ಲಿಸಿ ಎಂದು ಹೇಳಲು ನನಗೂ ಮನಸ್ಸಿಲ್ಲ, ಅಡಿಕೆಯ ರೇಟು ಹಾಗಿದೆ. ಹೆಕ್ಕುವಾಗ ಗ್ಲೌಸ್ ಹಾಕಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಆದರೂ ಕೈಗೆ ಕಟ್ಟಿಕೊಳ್ಳಿ. ಇಬ್ಬನಿ ಆರಿ ಬಿಸಿಲು ಬಿದ್ದ ಮೇಲೆ ತೋಟಕ್ಕೆ ಇಳಿಯಿರಿ. ಹೆಕ್ಕುತ್ತ ಬೀಡಿ ಸೇದುವುದು, ಎಲೆಯಡಿಕೆ ಹಾಕುವುದು ಬೇಡ. ಅದೇ ಕೈ ಬಾಯಿಗೆ ಹೋಗುತ್ತದೆ. ಅಂಗಳಕ್ಕೆ ಬಂದ ಮೇಲೆ ಅಡಿಕೆ ನಲವತ್ತು ದಿನ ಬಿಸಿಲಲ್ಲಿ ಒಣಗುತ್ತದೆ. ಹಾಗೆ ಒಣಗಿದ ಅಡಿಕೆಯ, ಅಂದರೆ ಚಾಲಿಯ, ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

4. ಬಾವಲಿಗಳನ್ನು ಅವುಗಳ ಪಾಡಿಗೆ ಬಿಡಿ

ಪಟಾಕಿ ಹೊಡೆದು ಓಡಿಸುವುದು, ಅವು ಜೋತು ಬೀಳುವ ಮರ ಕಡಿಯುವುದು ಎರಡೂ ಬೇಡ. ಓಡಿಸಿದ ಬಾವಲಿ ಮಾಯ ಆಗುವುದಿಲ್ಲ, ಪಕ್ಕದ ಊರಿನ ಮರಕ್ಕೆ ಹೋಗುತ್ತದೆ. ಬೆದರಿದ ಬಾವಲಿಯಲ್ಲಿ ವೈರಸ್ ಹೆಚ್ಚು ಹೊರಬರುವ ಸಾಧ್ಯತೆ ಇದೆ ಎಂದೂ ವಿಜ್ಞಾನಿಗಳು ಹೇಳುತ್ತಾರೆ. ಸತ್ತು ಬಿದ್ದ ಬಾವಲಿ ಕಂಡರೆ ಬರಿಗೈಯಲ್ಲಿ ಮುಟ್ಟದೆ ಪಂಚಾಯಿತಿಗೆ ತಿಳಿಸಿ.

ಬಾವಿಗೆ ಬಲೆ ಹಾಕುವುದು ಒಳ್ಳೆಯದೇ. ಒಂದು ತಮಾಷೆ ಏನೆಂದರೆ, 2018ರಲ್ಲಿ ಮೊದಲು ಸಂಶಯ ಬಂದದ್ದು ಆ ಮನೆಯವರ ಬಾವಿಯಲ್ಲಿದ್ದ ಬಾವಲಿಗಳ ಮೇಲೆ. ಪರೀಕ್ಷೆ ಮಾಡಿದರೆ ನೆಗೆಟಿವ್. ಅವು ಹುಳ ಹಿಡಿದು ತಿನ್ನುವ ಸಣ್ಣ ಬಾವಲಿಗಳು. ವೈರಸ್ ಸಿಕ್ಕಿದ್ದು ಆಮೇಲೆ, ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ. ಅಷ್ಟರಲ್ಲಿ ಬಾವಿಯ ಬಾವಲಿಯ ಫೋಟೊ ದೇಶವೆಲ್ಲ ಸುತ್ತಿ ಬಂದಿತ್ತು.

5. ಜ್ವರ ಬಂದರೆ

ಮೊದಲು ಒಂದು ವಿಷಯ ನೆನಪಿರಲಿ. ಕೇರಳದಲ್ಲಿ ನಿಫಾ ಕಂಡ ತಿಂಗಳುಗಳು ಹೆಚ್ಚಾಗಿ ಮೇಯಿಂದ ಸೆಪ್ಟೆಂಬರ್. ಕರಾವಳಿ, ಮಲೆನಾಡಿನಲ್ಲಿ ಡೆಂಗಿ, ಇಲಿ ಜ್ವರ, ಮಲೇರಿಯಾ ಬರುವುದೂ ಅದೇ ಮಳೆಗಾಲದಲ್ಲಿ. ನಿಮ್ಮ ಮನೆಯ ಜ್ವರ ಇವುಗಳಲ್ಲಿ ಒಂದಾಗಿರುವ ಸಾಧ್ಯತೆ ಎಷ್ಟೋ ಜಾಸ್ತಿ. ನಿಫಾದ ಹೆದರಿಕೆಯಲ್ಲಿ ಆಸ್ಪತ್ರೆಗೆ ಹೋಗದೆ ಕೂತರೆ ಡೆಂಗಿ, ಇಲಿ ಜ್ವರವೇ ಜೀವ ತೆಗೆದೀತು. ಹಾಗಾಗಿ ಜ್ವರ ಎರಡು ದಿನ ಬಿಡದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಹೋದಾಗ ಚೀಟಿಯ ಮೂರು ಉತ್ತರವನ್ನು ಕೇಳುವ ಮೊದಲೇ ಹೇಳಿ. "ಹದಿನೈದು ದಿನದ ಹಿಂದೆ ಮಲಪ್ಪುರಂನ ಆಸ್ಪತ್ರೆಯಲ್ಲಿ ಭಾವನ ಜೊತೆ ಇದ್ದೆ" ಎನ್ನುವುದು ಡಾಕ್ಟರಿಗೆ ಬೇಕಾದ ಮಾಹಿತಿ. ಮುಚ್ಚಿಡಬೇಡಿ. ಮುಚ್ಚಿಟ್ಟರೆ ಅಪಾಯಕ್ಕೆ ಸಿಕ್ಕುವುದು ನಿಮಗೆ ಸೂಜಿ ಚುಚ್ಚುವ ನರ್ಸ್.

ಶುರುವಿನಲ್ಲಿ ಜ್ವರ, ತಲೆನೋವು, ಮೈಕೈ ನೋವು, ವಾಂತಿ, ಗಂಟಲು ನೋವು, ಕೆಮ್ಮು. ಇಷ್ಟರಿಂದ ಯಾವ ಜ್ವರ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಮಾತು ತೊದಲುವುದು, ಮಂಪರು, ಗುರುತು ಸಿಗದೆ ಏನೇನೋ ಹೇಳುವುದು, ಫಿಟ್ಸ್, ಉಸಿರಾಡಲು ಕಷ್ಟ, ಇವುಗಳಲ್ಲಿ ಒಂದು ಕಂಡರೂ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಚೀಟಿಯಲ್ಲಿ "ಹೌದು" ಇದ್ದರೆ ಅದನ್ನೂ ಫೋನಿನಲ್ಲೇ ಹೇಳಿ. ಬಸ್ಸು, ಆಟೋದಲ್ಲಿ ಕರೆದುಕೊಂಡು ಹೋಗಬೇಡಿ.

"ಒಂದು ಟೆಸ್ಟ್ ಮಾಡಿಸಿಬಿಡೋಣ, ಸಮಾಧಾನಕ್ಕೆ" ಎನ್ನುವವರು ಇದ್ದಾರೆ. ನಿಫಾ ಪರೀಕ್ಷೆ ಪೇಟೆಯ ಲ್ಯಾಬಿನಲ್ಲಿ ದುಡ್ಡು ಕೊಟ್ಟು ಮಾಡಿಸುವಂಥದ್ದಲ್ಲ. ಡಾಕ್ಟರಿಗೆ ಸಂಶಯ ಬಂದರೆ ಆರೋಗ್ಯ ಇಲಾಖೆಯ ಮೂಲಕ ಮಾದರಿ ಹೋಗುತ್ತದೆ. ಇದಕ್ಕೆ ಒಪ್ಪಿಗೆ ಸಿಕ್ಕಿದ ಲಸಿಕೆಯೂ ಇನ್ನೂ ಇಲ್ಲ. ಹಾಗಾಗಿ "ನಿಫಾ ಕಷಾಯ", "ನಿಫಾ ಮಾತ್ರೆ" ಎಂದು ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ. ಶುಂಠಿ ಕಷಾಯ ರುಚಿಗೆ ಕುಡಿಯಿರಿ, ಬೇಡ ಎಂದವರು ಯಾರು?

6. ರೋಗಿಯನ್ನು ನೋಡಲು ಹೋಗುವ ಅಭ್ಯಾಸ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ಪಾಲಿಸುತ್ತೇನೆ ಎಂದಾದರೆ ಇದನ್ನು ಪಾಲಿಸಿ.

ನಮ್ಮಲ್ಲಿ ಆಸ್ಪತ್ರೆಗೆ ಸೇರಿದವರನ್ನು ನೋಡಲು ಹೋಗದಿದ್ದರೆ ಮಾತು ಬರುತ್ತದೆ. ಹಾರ್ಲಿಕ್ಸ್, ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಹೋಗಲೇಬೇಕು. ಹತ್ತಿರದವರಾದರೆ ಹಾಸಿಗೆಯ ತುದಿಯಲ್ಲಿ ಕೂರಬೇಕು. ಪ್ರೀತಿ ಇಲ್ಲದೆ ಇದೆಲ್ಲ ನಡೆಯುವುದಿಲ್ಲ, ಒಪ್ಪುತ್ತೇನೆ. ಆದರೆ 2018ರಲ್ಲಿ ನಿಫಾ ಹಿಡಿದ ದಾರಿ ಇದೇ.

ಸುದ್ದಿ ಇರುವ ವಾರಗಳಲ್ಲಿ ಆಸ್ಪತ್ರೆಗೆ ಒಬ್ಬರೇ ಹೋಗಿ. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಮನೆಯಲ್ಲಿರಲಿ. ಉಳಿದವರು ಫೋನಿನಲ್ಲಿ ಮಾತಾಡಲಿ. ನೋಡಿಕೊಳ್ಳುವವರಿಗೆ ಊಟದ ಬುತ್ತಿ ಗೇಟಿನ ತನಕ ತಲುಪಿಸಿದರೆ ಮಂಚದ ಸುತ್ತ ನಿಲ್ಲುವುದಕ್ಕಿಂತ ದೊಡ್ಡ ಉಪಕಾರ.

ಜೊತೆಗೆ ಇರಲೇಬೇಕಾದವರು ಒಬ್ಬರೇ ಇರಲಿ, ದಿನಕ್ಕೊಬ್ಬರು ಬದಲಾಗುವುದು ಬೇಡ. ಮೂಗು ಬಾಯಿ ಬಿಗಿಯಾಗಿ ಮುಚ್ಚುವ ಮಾಸ್ಕ್ ಇರಲಿ, ಸಿಕ್ಕಿದರೆ ಎನ್-95. ವಾಂತಿ, ಮೂತ್ರ, ಕಫ ತೆಗೆಯುವಾಗ ಗ್ಲೌಸ್. ಗ್ಲೌಸ್ ತೆಗೆದ ಮೇಲೂ ಸೋಪು ಹಾಕಿ ಕೈ ತೊಳೆಯಬೇಕು. ಈ ವೈರಸ್ಸಿನ ಹೊರಗೆ ಕೊಬ್ಬಿನ ಪದರ ಇದೆ, ಮಾಮೂಲಿ ಸೋಪು ಅದನ್ನು ಒಡೆಯುತ್ತದೆ. ರೋಗಿ ಕುಡಿದು ಉಳಿಸಿದ ಹಾಲು, ಗಂಜಿಯನ್ನು "ಹಾಳು ಮಾಡುವುದು ಯಾಕೆ" ಎಂದು ಕುಡಿಯಬೇಡಿ. ನಮ್ಮ ಅಮ್ಮಂದಿರಿಗೆ ಇದನ್ನು ಎರಡು ಸಲ ಹೇಳಬೇಕಾಗುತ್ತದೆ. ರೋಗಿಯ ಬಟ್ಟೆ, ಹೊದಿಕೆಯನ್ನು ಕೊಡವದೆ ಮಡಚಿ ತಂದು, ಬಿಸಿನೀರಿನಲ್ಲಿ ಸೋಪಿನ ಪುಡಿ ಹಾಕಿ ಬೇರೆಯಾಗಿಯೇ ಒಗೆಯಿರಿ.

ಸಾವಾದರೆ ಶವಕ್ಕೆ ಸ್ನಾನ ಮಾಡಿಸುವುದು, ಮುತ್ತು ಕೊಡುವುದು, ಮುಖ ಮುಟ್ಟುವುದನ್ನು ಆರೋಗ್ಯ ಇಲಾಖೆಯವರು ಬೇಡ ಎನ್ನುತ್ತಾರೆ. ತುಂಬ ಕಷ್ಟದ ಮಾತು. ಅವರ ಜೊತೆ ಜಗಳ ಆಡುವ ಬದಲು ದೂರದಿಂದ ಏನು ಮಾಡಬಹುದು ಎಂದು ಕೇಳಿ. ಮಂತ್ರ, ಪ್ರಾರ್ಥನೆ, ನಮಾಜಿಗೆ ಶವ ಮುಟ್ಟಲೇಬೇಕೆಂದಿಲ್ಲ.

7. ಸುದ್ದಿಯಲ್ಲಿ ಮೂರು ಪದ ಬೇರೆ ಮಾಡಿ ಓದಿ

"ಸಂಪರ್ಕಿತರು 700", "ಶಂಕಿತ ಪ್ರಕರಣ", "ಖಚಿತ ಪ್ರಕರಣ". ಈ ಮೂರನ್ನೂ ಒಂದೇ ಚೀಲಕ್ಕೆ ಹಾಕಿದರೆ ನಿದ್ದೆ ಬರುವುದಿಲ್ಲ. ಸಂಪರ್ಕಿತರು ಎಂದರೆ ರೋಗಿಯ ಹತ್ತಿರ ಇದ್ದಿರಬಹುದಾದ ಆರೋಗ್ಯವಂತರು. 2018ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಹೀಗೆ ಪಟ್ಟಿ ಮಾಡಿದ್ದರು. ಆ ಸಂಖ್ಯೆ ದೊಡ್ಡದಿದ್ದರೆ ಇಲಾಖೆ ಕೆಲಸ ಮಾಡುತ್ತಿದೆ ಎಂದರ್ಥ. ಶಂಕಿತ ಎಂದರೆ ಪರೀಕ್ಷೆಗೆ ಕಳಿಸಿದ್ದಾರೆ, ಅಷ್ಟೇ. 2021ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ ಒಬ್ಬರ ಮಾದರಿ ಪುಣೆಗೆ ಹೋದಾಗ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ "ಮಂಗಳೂರಿಗೂ ಬಂತು!" ಎಂದು ಹಾಹಾಕಾರ. ವರದಿ ನೆಗೆಟಿವ್ ಬಂತು. ಆ ಸುದ್ದಿಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ಫಾರ್ವರ್ಡ್ ಬಂದರೆ ತಾರೀಕು ನೋಡಿ. ತಾರೀಕು ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಹಳೆಯ ವಿಡಿಯೊ ಪ್ರತಿ ಸಲವೂ ಹೊಸ ವೇಷ ಹಾಕಿ ಬರುತ್ತದೆ. 2018ರಲ್ಲಿ ಒಬ್ಬ ನಾಟಿ ವೈದ್ಯ ಬಾವಲಿ ಕಚ್ಚಿದ್ದು ಎನ್ನುವ ಹಣ್ಣನ್ನು ಕ್ಯಾಮೆರಾ ಮುಂದೆ ತಿಂದು "ನಿಫಾ ಗಿಫಾ ಎಲ್ಲ ಸುಳ್ಳು" ಎಂದಿದ್ದ. ಆಮೇಲೆ ಕ್ಷಮೆ ಕೇಳಿದ. ವಿಡಿಯೊ ಮಾತ್ರ ಓಡುತ್ತಲೇ ಇತ್ತು.

8. ನಿಗಾದಲ್ಲಿ ಇರುವವರ ಜೊತೆ ಹೇಗಿರಬೇಕು

2018ರಲ್ಲಿ ಪೇರಾಂಬ್ರ ಆಸ್ಪತ್ರೆಯ ನರ್ಸುಗಳನ್ನು ಕಂಡರೆ ಜನ ಬಸ್ಸಿನಲ್ಲಿ ಸರಿದು ಕೂರುತ್ತಿದ್ದರು, ಆಟೋದವರು ಹತ್ತಿಸಿಕೊಳ್ಳುತ್ತಿರಲಿಲ್ಲ. ರೋಗಿಗಳ ಜೀವ ಉಳಿಸಲು ನಿಂತವರಿಗೆ ಊರು ಕೊಟ್ಟ ಬಹುಮಾನ ಅದು. ನಾವು ಕೊರೊನಾ ಕಾಲದಲ್ಲಿ ಕಮ್ಮಿ ಏನೂ ಮಾಡಲಿಲ್ಲ ಬಿಡಿ.

ಕರ್ನಾಟಕದಲ್ಲಿ ಇದು ಬೇರೆ ರೂಪದಲ್ಲಿ ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ಮಲಪ್ಪುರಂನಲ್ಲಿ ತೀರಿಕೊಂಡ 24 ವರ್ಷದ ಯುವಕ ಬೆಂಗಳೂರಿನಲ್ಲಿ ಓದುತ್ತಿದ್ದ. ಅವನ ಸಹಪಾಠಿಗಳ ಮೇಲೆ ಇಲ್ಲಿ ನಿಗಾ ಇಟ್ಟರು. ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಮಲಯಾಳಿ ಮಕ್ಕಳು ಎಷ್ಟಿದ್ದಾರೆ ಎಂದು ನಿಮಗೂ ಗೊತ್ತು. ಪಿಜಿ ಮಾಲೀಕರೇ, ಕೋಝಿಕ್ಕೋಡಿನ ಹುಡುಗಿ ಎಂದು ಕೋಣೆ ಖಾಲಿ ಮಾಡಿಸಬೇಡಿ. ಆ ಮೂರು ಪ್ರಶ್ನೆ ಕೇಳಿ. ಉತ್ತರ "ಇಲ್ಲ" ಆದರೆ ಅವಳಿಗೂ ನಿಮ್ಮ ಮಗಳಿಗೂ ವ್ಯತ್ಯಾಸ ಇಲ್ಲ. "ಹೌದು" ಆದರೆ ಹೊರಗೆ ಹಾಕುವುದು ಇನ್ನೂ ದೊಡ್ಡ ತಪ್ಪು. ಅವಳು ಎಲ್ಲಿಗೆ ಹೋಗುತ್ತಾಳೆ ಎಂದು ಆರೋಗ್ಯ ಇಲಾಖೆಗೂ ಗೊತ್ತಾಗದೆ ಹೋಗುತ್ತದೆ. ಬೇರೆ ಕೋಣೆ ಕೊಟ್ಟು 104ಕ್ಕೆ ತಿಳಿಸಿ.

ಪಕ್ಕದ ಮನೆಯವರು ನಿಗಾದಲ್ಲಿ ಇದ್ದರೆ ಹಾಲು, ತರಕಾರಿ, ಬಿಪಿ ಮಾತ್ರೆ ತಂದು ಗೇಟಿನ ಹತ್ತಿರ ಇಟ್ಟು ಫೋನ್ ಮಾಡಿ. ಅವರ ಹಸುವಿಗೆ ಹುಲ್ಲು ಯಾರು ಹಾಕುತ್ತಾರೆ ಎಂದು ಕೇಳಿ. ಮನೆಯ ಮುಂದೆ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಬೇಡಿ.

9. ತಲೆಯೊಳಗಿನ ಜ್ವರ

ಸುದ್ದಿಗೆ ದಿನಕ್ಕೆ ಎರಡು ಹೊತ್ತು ಸಾಕು. ನಮ್ಮಲ್ಲಿ ಬೆಳಿಗ್ಗೆ ಪೇಪರ್, ರಾತ್ರಿ ಏಳರ ವಾರ್ತೆ. ಊಟದ ಹೊತ್ತಿಗೆ ಟಿವಿ ಬಂದ್. ಮಕ್ಕಳು ಕೇಳಿದರೆ ಸುಳ್ಳು ಹೇಳಬೇಡಿ, ಉದ್ದ ಭಾಷಣವೂ ಬೇಡ. ನನ್ನ ಮಗಳಿಗೆ ಬೇಕಾಗಿದ್ದದ್ದು ಶಾಲೆಗೆ ರಜೆ ಕೊಡುತ್ತಾರಾ ಎಂದು ಮಾತ್ರ. ಇಲ್ಲ ಎಂದೆ, ಬೇಸರವಾಯಿತು ಪಾಪ.

ಎದೆ ಡವಡವ ನಿಲ್ಲದಿದ್ದರೆ, ದಿನಕ್ಕೆ ಹತ್ತು ಸಲ ಥರ್ಮಾಮೀಟರ್ ಇಟ್ಟು ನೋಡುವಂತಾದರೆ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಉಚಿತ ಸೇವೆ. ಕನ್ನಡದಲ್ಲೇ ಮಾತಾಡಬಹುದು.

10. ಯಾವಾಗ ಮುಗಿಯಿತು ಎಂದು ತಿಳಿಯುವುದು?

ಟಿವಿ ಸುಮ್ಮನಾದಾಗ ಅಲ್ಲ. ಕೊನೆಯ ರೋಗಿಯಿಂದ ಹರಡುವುದು ನಿಂತ ದಿನದಿಂದ 42 ದಿನ, ಅಂದರೆ 21ರ ಎರಡು ಪಟ್ಟು, ಹೊಸ ಪ್ರಕರಣ ಇಲ್ಲ ಎಂದಾದರೆ ಆ ಸಲದ್ದು ಮುಗಿಯಿತು ಎನ್ನುತ್ತಾರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. 2023ರಲ್ಲಿ ಕೋಝಿಕ್ಕೋಡಿನಲ್ಲಿ ಆರು ಜನರಿಗೆ ಬಂದು ಇಬ್ಬರು ತೀರಿಕೊಂಡರು. ಅಕ್ಟೋಬರ್ ಕೊನೆಯ ಹೊತ್ತಿಗೆ ಆ 42 ದಿನ ಕಳೆಯಿತು.

ಅಷ್ಟರಲ್ಲಿ ನಮ್ಮ ಮರ ಮತ್ತೆ ಕಾಯಿ ಬಿಟ್ಟಿತ್ತು. ನವೆಂಬರಿನಲ್ಲಿ ಚಿಕ್ಕಮ್ಮ ಮತ್ತೆ ಫೋನ್ ಮಾಡಿದರು, ಬೆಂಗಳೂರಿನಲ್ಲಿ ಪೇರಳೆ ಕಿಲೋಗೆ ಏನು ರೇಟು ಎಂದು ಬೈದುಕೊಂಡು, ಯಾರಾದರೂ ಬರುವವರಿದ್ದರೆ ಒಂದು ಚೀಲ ಕಳಿಸಿ ಎಂದರು. ಅಮ್ಮ ಒಂದೊಂದನ್ನೇ ತಿರುಗಿಸಿ ನೋಡಿ, ಗೀರು ಇಲ್ಲದ್ದನ್ನು ಆರಿಸಿ ಕಟ್ಟಿಕೊಟ್ಟರು.